ಟ್ಯಾಂಕಿನ ಮೇಲಿನ ಕಾಗದ

ನನ್ನನ್ನು ಸಂಶಯದ ಪಿಶಾಚಿ ಅಂತ ಜನ ಆಡಿಕೊಳ್ಳುವುದು ನನಗೆ ಗೊತ್ತು. ಆಡಿಕೊಳ್ಳಲಿ. ಮೂವತ್ತೊಂದು ವರ್ಷ ಓಹಿಯೋದ ಬೆಲ್‌ಫೌಂಟನ್ ಊರಿನ ಒಂದು ಗ್ಯಾರೇಜಿನಲ್ಲಿ, ಗುದ್ದಿಸಿಕೊಂಡು ಬಂದ ಕಾರುಗಳಿಗೆ ತೇಪೆ ಹಾಕಿ, ಉಜ್ಜಿ, ಬಣ್ಣ ಹೊಡೆದು, ಏನೂ ಆಗೇ ಇಲ್ಲ ಅನ್ನುವ ಹಾಗೆ ಮಾಡಿ ಕಳಿಸಿದವಳು ನಾನು. ನಾನು ಮುಚ್ಚಿ ಕಳಿಸಿದ್ದನ್ನು ಎಷ್ಟು ಜನ ‘ಒಂದು ಗೀರೂ ಬಿದ್ದಿಲ್ಲ’ ಅಂತ ಹೇಳಿ ಮಾರಿಕೊಂಡರೋ ದೇವರಿಗೇ ಗೊತ್ತು. ಅಂಥವಳು ಕಾರು ಮಾರುವವನ ಮಾತು ನಂಬಲಾ? ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತಾಗುವುದು.

ನನ್ನ ಹೆಸರು ಅರ್ಲೀನ್. ಗಂಡ ಲೋವೆಲ್. ಅವನು ಊರಿನ ಕಾರು ಡೀಲರನ ಹತ್ತಿರ ಬಿಡಿಭಾಗಗಳ ಕೌಂಟರಿನ ಹಿಂದೆ ಮೂವತ್ತೆಂಟು ವರ್ಷ ನಿಂತವನು. ಕಾರ್ವೆಟ್ ಅನ್ನುವ ಶೋಕಿಯ ವೇಗದ ಕಾರಿನ ಯಾವ ವರ್ಷದ ಯಾವ ಬಣ್ಣಕ್ಕೆ ಕಾರ್ಖಾನೆಯವರು ಯಾವ ಸಂಖ್ಯೆ ಕೊಟ್ಟಿದ್ದರು, ಯಾವ ಎಂಜಿನ್ ಜೊತೆ ಯಾವ ಗೇರು ಬರುತ್ತಿತ್ತು, ಎಲ್ಲಾ ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಬೇರೆಯವರ ಕಾರ್ವೆಟ್ಟುಗಳಿಗೆ ಸಾಮಾನು ಎತ್ತಿಕೊಟ್ಟು ಎತ್ತಿಕೊಟ್ಟು ಸವೆದ. ತನ್ನದು ಅಂತ ಒಂದೂ ಇರಲಿಲ್ಲ. ಮೊದಲು ಮಕ್ಕಳು, ಆಮೇಲೆ ಮನೆಯ ಛಾವಣಿ, ಆಮೇಲೆ ನನ್ನ ಮಂಡಿ ಆಪರೇಷನ್ನು. ಪ್ರತಿ ಸಲವೂ ‘ಮುಂದಿನ ವರ್ಷ ನೋಡೋಣ ಬಿಡು’ ಅನ್ನುತ್ತಿದ್ದ. ಗೊಣಗಲಿಲ್ಲ, ಅದನ್ನೂ ಹೇಳಬೇಕು.

ಹೋದ ನವೆಂಬರಿನಲ್ಲಿ ಕಣ್ಣಿನ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಲೋವೆಲ್‌ನ ಕಣ್ಣಿನ ನಡುಭಾಗ ಸವೆಯುತ್ತಿದೆ, ನೋಟದ ಅಂಚು ಉಳಿಯುತ್ತದೆ, ನಡು ಹೋಗುತ್ತದೆ. ಯಾವಾಗ ಅಂತ ಹೇಳಲಾಗದು. ಆರು ತಿಂಗಳೂ ಆಗಬಹುದು, ಐದು ವರ್ಷವೂ ಆಗಬಹುದು.

ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಮೇಜಿನ ಮುಂದೆ ಕೂತ. “ಅರ್ಲೀನ್, ನನಗೊಂದು ಕಾರ್ವೆಟ್ ಬೇಕು,” ಅಂದ. “ಒಂದೇ ಒಂದು ಬೇಸಿಗೆ ಓಡಿಸ್ತೀನಿ. ಆಮೇಲೆ ಕೀ ನಿನ್ನ ಕೈಗೆ.”

“ಆಗಲಿ,” ಅಂದೆ. “ಆದರೆ ಒಂದು ಮಾತು. ಕಣ್ಣು ಯಾವತ್ತು ಕೈ ಕೊಡ್ತೋ ಅವತ್ತೇ ನನಗೆ ಹೇಳ್ಬೇಕು. ಮಾರನೇ ದಿನ ಅಲ್ಲ.”

“ಅವತ್ತೇ ಹೇಳ್ತೀನಿ.”

ಅಷ್ಟಕ್ಕೇ ಬಿಟ್ಟೆ. ಈ ಜಗತ್ತಿನಲ್ಲಿ ನಾನು ಎರಡನೇ ಸಲ ಕೇಳದೆ ನಂಬುತ್ತಿದ್ದ ಮನುಷ್ಯ ಅವನೊಬ್ಬನೇ. ಚಳಿಗಾಲದಲ್ಲಿ ನಮ್ಮ ಕಡೆ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಕಾರನ್ನು ತಿನ್ನುತ್ತದೆ, ಆಗ ಯಾರೂ ಒಳ್ಳೇ ಕಾರನ್ನು ಹೊರಗೆ ತೆಗೆಯುವುದಿಲ್ಲ. ಏಪ್ರಿಲ್ ಬರಲಿ, ಆತುರ ಬೇಡ ಅಂದೆ. ಅವನೂ ಸರಿ ಅಂದ.

ಕಾರ್ವೆಟ್ಟಿನ ಹುಚ್ಚು ಹಿಡಿದವರು ಅದನ್ನು ತಲೆಮಾರಿನ ಲೆಕ್ಕದಲ್ಲಿ ಹೇಳುತ್ತಾರೆ. ಐವತ್ಮೂರನೇ ಇಸವಿಯಿಂದ ಇವತ್ತಿನವರೆಗೆ ಎಂಟು ತಲೆಮಾರು. ಎಂಟನೆಯದಕ್ಕೂ ಏಳನೆಯದಕ್ಕೂ ನಮ್ಮ ಕೈ ಎಟುಕದು. ಮೊದಲನೆಯದು, ಎರಡನೆಯದು ಸಾಹುಕಾರರ ಪಾಲು, ಅವರೂ ಬಟ್ಟೆ ಹೊದಿಸಿ ಇಡುತ್ತಾರೆಯೇ ಹೊರತು ಓಡಿಸುವುದಿಲ್ಲ. ನಮಗೆ ಉಳಿದದ್ದು ನಡುವಿನ ನಾಲ್ಕು. “ನಿನಗೆ ಯಾವುದಪ್ಪಾ ಬೇಕು?” ಅಂತ ಕೇಳಿದೆ. “ನೋಡೋಣ. ಆರನೇದರಿಂದ ಶುರು ಮಾಡಿ ಹಿಂದಕ್ಕೆ ಹೋಗೋಣ,” ಅಂದ. ಇದೆಂಥಾ ಕೊಳ್ಳುವ ರೀತಿ ಅನ್ನಿಸಿತು. ಬೇಕಾದ್ದು ಯಾವುದು ಅಂತ ಗೊತ್ತಿದ್ದವನು ಹೀಗೆ ಊರೆಲ್ಲ ಸುತ್ತುವುದಿಲ್ಲ. ಆದರೂ ಹೊರಟೆ.

ನಮ್ಮ ಕೆಲಸದ ಪಾಲು ಸ್ಪಷ್ಟವಾಗಿತ್ತು. ಕಾರಿನ ಮೈ ನನ್ನದು, ಸಂಖ್ಯೆ ಕಾಗದಗಳು ಅವನದು. ಹೋಗುವಾಗ ನಮ್ಮ ಪಿಕಪ್ ಓಡಿಸುವುದು ನಾನು, ಮುಟ್ಟಿದ ಕೂಡಲೇ ಕೀ ಅವನ ಕೈಗೆ, ಬರುವಾಗ ಅವನು. ಕಾರ್ವೆಟ್ಟಿಗೆ ಎರಡೇ ಸೀಟು, ಆದ್ದರಿಂದ ಓಡಿಸಿ ನೋಡಲು ಲೋವೆಲ್ ಮಾರುವವನನ್ನು ಪಕ್ಕ ಕೂರಿಸಿಕೊಂಡು ಹೋಗುತ್ತಿದ್ದ. ಆ ಹತ್ತು ನಿಮಿಷದಲ್ಲಿ ನಾನು ಅವರ ಗ್ಯಾರೇಜಿನ ಮೂಲೆ ಮೂಲೆ ಮೂಸುತ್ತಿದ್ದೆ. ಮನುಷ್ಯ ಕಾರು ತೊಳೆದಿಡುತ್ತಾನೆ, ಕಸದ ಬುಟ್ಟಿ ತೊಳೆದಿಡುವುದಿಲ್ಲ.

ಮೊದಲು ನೋಡಿದ್ದು ಫಿಂಡ್ಲಿಯ ಹಲ್ಲಿನ ಡಾಕ್ಟರೊಬ್ಬನ ಕಾರು. ಆರನೇ ತಲೆಮಾರು, 2008ರದ್ದು, ಕಡುನೀಲಿ. ಎಲ್ಲೂ ತಾಗಿಸಿಲ್ಲ ಅಂತ ನಗುನಗುತ್ತಾ ಹೇಳಿದ. ಬಲಗಡೆ ಬಾಗಿಲ ಬೋಲ್ಟುಗಳ ತಲೆ ಮೇಲೆ ಪಾನಾ ಕಚ್ಚಿದ ಗುರುತಿತ್ತು. ತಾಗಿಸದ ಬಾಗಿಲನ್ನು ಯಾವ ಪುಣ್ಯಾತ್ಮ ಬಿಚ್ಚುತ್ತಾನೆ? ಬೇಡ ಅಂದೆ.

ಐದನೇ ತಲೆಮಾರಿನದು ಇಂಡಿಯಾನಾ ಗಡಿ ದಾಟಿ ರಿಚ್‌ಮಂಡಿನಲ್ಲಿ ಸಿಕ್ಕಿತು. ಮಾರುವವನು ಚರ್ಚಿನ ಹಿರಿಯ, ಮಾತಿಗೊಮ್ಮೆ ದೇವರು. ಕಾರಿನೊಳಗೆ ವಾಸನೆ ಮುಚ್ಚಲು ನೇತುಹಾಕುವ ಮರದಾಕಾರದ ಸುವಾಸನೆಯ ಕಾಗದ ಒಂದಲ್ಲ, ಮೂರು ನೇತುಹಾಕಿದ್ದ. ಸೀಟಿನ ಹಳಿಯ ಸಂದಿಯಲ್ಲಿ ಬೆರಳು ಆಡಿಸಿದೆ, ನುಣ್ಣನೆ ಹೊಳೆಮಣ್ಣು ಹತ್ತಿತು.

“ಈ ಕಾರು ಈಜಿದೆ,” ಅಂದೆ.

“ದೇವರ ಮೇಲಾಣೆ, ನನಗೆ ಗೊತ್ತಿಲ್ಲ ತಾಯಿ.”

“ದೇವರನ್ನ ಯಾಕೆ ಎಳೀತೀರಿ? ಪಾಪ, ಅವರಿಗೂ ಒದ್ದೆಯಾಗತ್ತೆ.”

ಲೋವೆಲ್ ದಾರಿಯುದ್ದಕ್ಕೂ ಅದನ್ನೇ ನೆನೆಸಿಕೊಂಡು ನಕ್ಕ.

ನಾಲ್ಕನೇ ತಲೆಮಾರಿನದು ಝೇನ್ಸ್‌ವಿಲ್ಲಿನ ಹೆಂಗಸೊಬ್ಬಳದು, 1990ರದ್ದು. ಮೀಟರಿನಲ್ಲಿ ನಲವತ್ತೊಂದು ಸಾವಿರ ಮೈಲಿ, ಬ್ರೇಕ್ ಪೆಡಲ್ಲಿನ ರಬ್ಬರು ಮಾತ್ರ ಸವೆದು ಕಬ್ಬಿಣ ಇಣುಕುತ್ತಿತ್ತು. “ನಿಮ್ಮ ಯಜಮಾನರು ಬ್ರೇಕ್ ಮೇಲೇ ನಿಂತುಕೊಂಡು ಓಡಿಸ್ತಿದ್ರಾ?” ಅಂತ ಕೇಳಿದೆ. ಅವಳು ಬಾಗಿಲು ಹಾಕಿಕೊಂಡಳು.

ಒಂದೊಂದು ಸಲವೂ ಲೋವೆಲ್ ಕಾರಿನಿಂದ ಇಳಿಯುವಾಗ ಅವನ ಮುಖ ನೋಡಬೇಕಿತ್ತು. ಕಿವಿ ಕೆಂಪಾಗಿ, ಕೂದಲು ಕೆದರಿ, ಮದುವೆಗೆ ಮುಂಚಿನ ಲೋವೆಲ್ಲೇ. ಆಮೇಲೆ ನಾನು ಬೇಡ ಅಂದಾಗ ತಲೆ ಆಡಿಸಿ, “ನೀನು ಬೇಡ ಅಂದ್ರೆ ಬೇಡ,” ಅನ್ನುತ್ತಿದ್ದ. ಒಮ್ಮೆಯೂ ವಾದಿಸಲಿಲ್ಲ. ಜುಲೈ ಮುಗಿದುಹೋಯಿತು. ನವೆಂಬರಿಗೆ ಅವನ ಲೈಸೆನ್ಸು ಹೊಸದು ಮಾಡಿಸಬೇಕು, ಅಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾರೆ. ಉಳಿದದ್ದು ಇನ್ನು ಮೂರು ತಿಂಗಳು, ಅದರಲ್ಲಿ ಬೇಸಿಗೆ ಅಂತ ಕರೆಯುವಂಥದ್ದು ಒಂದೇ. ಈ ಸಲ ಚೂರು ಪಾರು ಹುಳುಕಿದ್ದರೂ ಕಣ್ಣು ಮುಚ್ಚಿಕೊಂಡು ಕೊಡಿಸಿಬಿಡಬೇಕು ಅಂತ ತೀರ್ಮಾನಿಸಿಕೊಂಡೇ ಮೂರನೇ ತಲೆಮಾರಿನದನ್ನು ನೋಡಲು ಹೊರಟೆ.

ಅದು ಇದ್ದದ್ದು ಸರ್ಕಲ್‌ವಿಲ್ಲಿನ ಆಚೆ, ಜೋಳದ ಹೊಲಗಳ ನಡುವೆ ಡಾರಿಲ್ ಪ್ರೂಯಿಟ್ ಎಂಬವನ ಕೊಟ್ಟಿಗೆಯಲ್ಲಿ. ಐವತ್ತರ ಆಸುಪಾಸಿನ ಆಸಾಮಿ, ಇಸ್ತ್ರಿ ಮಾಡಿದ ಅಂಗಿ. ಇಳಿಯುವ ಮುಂಚೆಯೇ ನಿಂಬೆ ಶರಬತ್ತು ತಂದು ಕೈಗಿಟ್ಟ. ನನಗೆ ಅಲ್ಲಿಗೇ ಅನುಮಾನ. ಕಾರು ಮಾರುವವನು ಬಾಯಿಗೆ ಸಿಹಿ ಹಾಕುತ್ತಾನೆ ಅಂದರೆ ಬಾಯಿ ಮುಚ್ಚಿಸುವುದಕ್ಕೇ.

ಕಾರು ಮಾತ್ರ ಚೆಂದ. 1971ರದ್ದು, ಕಡುಗೆಂಪು, ಮುಂದೆ ಹಿಂದೆ ಬೆಳ್ಳಗೆ ಹೊಳೆಯುವ ಬಂಪರು. ದೊಡ್ಡ ಎಂಜಿನ್, ಕೈಯಿಂದ ಹಾಕುವ ನಾಲ್ಕು ಗೇರು, ಹುಟ್ಟಿದಾಗಿನಿಂದ ಕೆಂಪು, ಎಲ್ಲಾ ಕಾರ್ಖಾನೆಯಿಂದ ಬಂದ ಹಾಗೇ ಇದೆ ಅಂತ ಪ್ರೂಯಿಟ್ ಬಾಯಿಪಾಠ ಒಪ್ಪಿಸಿದ. ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬಿಸಿ.

“ಆಗಲೇ ಓಡಿಸಿದ್ರಾ?”

“ನೀವು ಬರ್ತೀರಿ ಅಂತ ಒಂದು ಸುತ್ತು ಹಾಕಿದೆ, ಮೇಡಂ.”

“ನಾವು ಬರೋದು ಕಾರಿಗೆ ಗೊತ್ತಾಗ್ಬೇಕಿತ್ತಾ?”

ತಣ್ಣಗಿದ್ದಾಗ ಸ್ಟಾರ್ಟ್ ಆಗದ ಕಾರನ್ನು ಹೀಗೇ ಬಿಸಿ ಮಾಡಿಡುತ್ತಾರೆ. ಲೋವೆಲ್ ನನ್ನ ತೋಳು ಮುಟ್ಟಿ, “ಇರಲಿ ಬಿಡೇ,” ಅಂದ. ಆಮೇಲೆ ಅವರಿಬ್ಬರೂ ಹೋದರು. ಆ ಎಂಜಿನ್ ಸದ್ದು ಹೊಲದಾಚೆ ಎರಡು ಮೈಲಿವರೆಗೂ ಕೇಳಿಸುತ್ತಿತ್ತು. ಕಾಲು ಗಂಟೆ ಬಿಟ್ಟು ಬಂದಾಗ ಲೋವೆಲ್‌ನ ಕಣ್ಣಲ್ಲಿ ನೀರಿತ್ತು, ಗಾಳಿಗೆ ಅಂದುಕೊಂಡೆ. ಪ್ರೂಯಿಟ್ ಬಾಗಿಲು ಹಿಡಿದುಕೊಂಡೇ ಇಳಿದ. “ಬಿಡಿಭಾಗದ ಕೌಂಟರಲ್ಲಿದ್ರಂತೆ, ಯಜಮಾನರು ಭಲೇ ಓಡಿಸ್ತಾರೆ,” ಅಂದ. “ರಸ್ತೆಯ ನಡುಮಧ್ಯ ಅವರಿಗೇ ಬರೆದುಕೊಟ್ಟ ಹಾಗೆ.” ಹೊಗಳಿಕೆ ಅಂದುಕೊಂಡು ನಾನೂ ನಕ್ಕೆ.

ಆಮೇಲೆ ನನ್ನ ಸರದಿ. ಕಾರ್ವೆಟ್ಟಿನ ಮೈ ಫೈಬರ್ರು, ಅದಕ್ಕೆ ತುಕ್ಕು ಹಿಡಿಯದು. ಆದರೆ ಮುಂಗಾಜಿನ ಸುತ್ತ ಒಳಗೊಂದು ಕಬ್ಬಿಣದ ಚೌಕಟ್ಟಿದೆ, ಅದು ಸದ್ದಿಲ್ಲದೆ ಕೊಳೆಯುತ್ತದೆ. ಅಂಚಿನ ಪಟ್ಟಿ ಬಿಚ್ಚಿ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿದೆ. ಗಟ್ಟಿ. ಮೈಯನ್ನು ಗೆಣ್ಣಿನಿಂದ ತಟ್ಟುತ್ತಾ ಬಂದೆ, ಎಲ್ಲೂ ತೇಪೆಯ ಸದ್ದಿಲ್ಲ. “ಚೌಕಟ್ಟು ಚೆನ್ನಾಗಿದೆ,” ಅಂತ ಬಾಯಿ ಬಿಟ್ಟು ಹೇಳಿಯೂ ಹೇಳಿದೆ. ಲೋವೆಲ್ ಸುಮ್ಮನೆ ಹುಬ್ಬೇರಿಸಿದ, ಯಾಕೋ ಖುಷಿಪಡಲಿಲ್ಲ.

ಒಂದು ವಿಷಯ ಮಾತ್ರ ಕಡಿಯುತ್ತಿತ್ತು. ಹೊಸ ಬಣ್ಣ ಹೊಡೆದಿದ್ದಾನೆ, ಅದು ತಪ್ಪಲ್ಲ. ಆದರೆ ನೆಲಹಾಸಿನ ಕೆಳಗೆ, ದೀಪದ ಹಿಂದೆ, ಯಾರೂ ಇಣುಕದ ಕಡೆಯಲ್ಲೆಲ್ಲ ಅದೇ ಹೊಸ ಕೆಂಪು. ಹುಟ್ಟಾ ಕೆಂಪಾಗಿದ್ದರೆ ಕಾಣದ ಕಡೆ ಇಷ್ಟು ಶ್ರದ್ಧೆಯಿಂದ ಯಾಕೆ ಬಳಿಯಬೇಕು? ಬಾಗಿಲ ಕೀಲಿನ ಹತ್ತಿರ ಕಾರ್ಖಾನೆಯ ತಗಡಿನ ಪಟ್ಟಿಯಿತ್ತು, ಅದರಲ್ಲಿ ಕೆಂಪಿನ ಸಂಖ್ಯೆ 973 ಅಂತಲೇ ಒತ್ತಿತ್ತು. ಆದರೆ ಅದನ್ನು ಹಿಡಿದ ರಿವೆಟ್ ಮೊಳೆಗಳು ಹೊಸವು. ಅಂಥ ಪಟ್ಟಿಗಳನ್ನು ಬೇಕಾದ ಸಂಖ್ಯೆ ಒತ್ತಿ ಮಾಡಿಕೊಡುವವರು ನನಗೇ ಇಬ್ಬರು ಗೊತ್ತು.

“ಟ್ಯಾಂಕ್ ಇಳಿಸಿ ನೋಡ್ಬೇಕು,” ಅಂದೆ.

ಈ ತಲೆಮಾರಿನ ಕಾರುಗಳಿಗೆ ಕಾರ್ಖಾನೆಯವರು ಒಂದು ಕಾಗದ ಅಂಟಿಸುತ್ತಿದ್ದರು. ಯಾವ ಬಣ್ಣ, ಯಾವ ಎಂಜಿನ್, ಯಾವ ಗೇರು ಹಾಕಬೇಕು ಅಂತ ಕೆಲಸದವರಿಗೆ ಬರೆದ ಪಟ್ಟಿ. ಅಂಟಿಸಿದ್ದು ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ. ಟ್ಯಾಂಕು ಮೇಲೇರಿ ಕೂತರೆ ಆ ಕಾಗದ ಮತ್ತೆ ಹೊರಗಿನ ಬೆಳಕು ನೋಡುವುದಿಲ್ಲ. ಎಂಜಿನ್ ಬದಲಾಗುತ್ತದೆ, ಬಾಗಿಲ ಬಳಿಯ ತಗಡು ಬದಲಾಗುತ್ತದೆ, ಆ ಕಾಗದದ ತಂಟೆಗೆ ಮಾತ್ರ ಹೆಚ್ಚಿನವರು ಹೋಗುವುದಿಲ್ಲ.

“ಐವತ್ತು ವರ್ಷದ ಕಾಗದ ಮೇಡಂ, ಇಲಿ ತಿಂದಿರತ್ತೆ,” ಅಂದ ಪ್ರೂಯಿಟ್.

“ತಿಂದಿದ್ರೆ ತಿಂದ ಗುರುತು ನೋಡ್ತೀನಿ.”

“ಅರ್ಧ ದಿನದ ಕೆಲಸ ಅದು.”

“ನನಗೆ ಮುಕ್ಕಾಲು ಗಂಟೆ. ಕಾರು ಎತ್ತೋ ಲಿಫ್ಟ್ ಇದೆಯಲ್ಲ, ಎತ್ತಿ.”

ಮೂವತ್ತನಾಲ್ಕು ಸಾವಿರ ಡಾಲರಿನ ವ್ಯಾಪಾರ, ಇಲ್ಲ ಅನ್ನಲಾರದೆ ಎತ್ತಿದ. ಸ್ಟೆಪ್ನಿಯ ತೊಟ್ಟಿ ತೆಗೆದೆ, ಅಡ್ಡ ಬಂದ ಪೈಪು ಬಿಚ್ಚಿದೆ, ಟ್ಯಾಂಕಿಗೆ ಕೆಳಗಿನಿಂದ ಆಸರೆ ಕೊಟ್ಟು ಎರಡು ಪಟ್ಟಿ ಸಡಿಲಿಸಿ ಗೇಣು ಮಟ್ಟ ಇಳಿಸಿದೆ. ಅಷ್ಟು ಹೊತ್ತೂ ಪ್ರೂಯಿಟ್‌ನ ಮೇಲ್ದುಟಿಯ ಮೇಲೆ ಬೆವರು ಮೂಡುವುದು, ಅವನು ಒರೆಸಿಕೊಳ್ಳುವುದು ನಡೆದೇ ಇತ್ತು. ಸಂದಿಯಲ್ಲಿ ಬ್ರಷ್ ಆಡಿಸಿ ಧೂಳು ತೆಗೆದೆ. ಕಾಗದ ಇತ್ತು. ಕೀಳಲು ಹೋದರೆ ಪುಡಿಯಾಗುತ್ತದೆ, ಇದ್ದಲ್ಲೇ ಓದಬೇಕು. ಓದುವುದು ಲೋವೆಲ್‌ನ ಪಾಲಿನ ಕೆಲಸ, ಟಾರ್ಚು ಅವನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದೆ.

ಲೋವೆಲ್ ಕನ್ನಡಕ ಸರಿಮಾಡಿಕೊಂಡು ಸಂದಿಗೆ ಮುಖ ಒಡ್ಡಿದ. ಕೌಂಟರಿನ ಹಿಂದೆ ನಿಂತು ಗಿರಾಕಿಗೆ ಹೇಳುತ್ತಿದ್ದ ಅದೇ ಧ್ವನಿ.

“ಬಣ್ಣ ಒಂಬೈನೂರ ಎಪ್ಪತ್ಮೂರು, ಕೆಂಪು. ಎಂಜಿನ್ ನಾನೂರ ಐವತ್ನಾಲ್ಕು, ದೊಡ್ಡದೇ. ಗೇರು ನಾಲ್ಕು, ಕೈಯಿಂದ ಹಾಕೋದು. ಕಪ್ಪು ಚರ್ಮದ ಸೀಟು. ಎಲ್ಲಾ ಸರಿ ಇದೆ ಅರ್ಲೀನ್.”

ನಾನು ಕಾರು ನೋಡುತ್ತಿರಲಿಲ್ಲ, ಪ್ರೂಯಿಟ್‌ನ ಮುಖ ನೋಡುತ್ತಿದ್ದೆ. ಎಪ್ಪತ್ಮೂರು ಅಂದಾಗ ಅವನ ಬಾಯಿ ತೆರೆದುಕೊಂಡಿತು. ದೊಡ್ಡ ಎಂಜಿನ್ ಅಂದಾಗ ಲೋವೆಲ್‌ನ ಬೆನ್ನನ್ನೇ ಬೆಪ್ಪಾಗಿ ನೋಡಿದ. ನಾಲ್ಕು ಗೇರು ಅಂದಾಗ ನಿಧಾನಕ್ಕೆ ನಗು ಬಂತು. “ನಾನು ಹೇಳಿದ್ನಲ್ಲ ಮೇಡಂ,” ಅಂದ. ನಿಜ ಹೇಳಿದವನಿಗೆ ತನ್ನ ನಿಜ ಕೇಳಿ ಆಶ್ಚರ್ಯ ಆಗುತ್ತದಾ? ಸುಳ್ಳು ಹೇಳಿದವನಿಗೆ ಅದು ಎದುರಿಗೇ ನಿಜವಾಗಿಬಿಟ್ಟರೆ ಮುಖ ಹಾಗಾಗುತ್ತದೆ.

ನನ್ನ ಹಾಳು ತಲೆಗೆ ಮೊದಲು ಹೊಳೆದದ್ದು ಏನು ಗೊತ್ತಾ? ಇವರಿಬ್ಬರೂ ಆ ಕಾಲು ಗಂಟೆಯಲ್ಲಿ ಒಳಗೊಳಗೇ ಮಾತಾಡಿಕೊಂಡಿದ್ದಾರೆ. ಕಾರಿನ ಆಸೆಗೆ ನನ್ನ ಗಂಡ ನನ್ನ ಕಣ್ಣಿಗೇ ಮಣ್ಣೆರಚುತ್ತಿದ್ದಾನೆ. ನಲವತ್ಮೂರು ವರ್ಷದಲ್ಲಿ ಮೊದಲ ಸಲ ಅವನ ಮೇಲೆ ಸಂಶಯ ಬಂತು. ಸುಮ್ಮನೆ ಅವನ ಕೈಯಿಂದ ಟಾರ್ಚು ತೆಗೆದುಕೊಂಡು ನಾನೇ ಸಂದಿಗೆ ಮುಖ ಒಡ್ಡಿದೆ.

ಕಾಗದವನ್ನು ಇಲಿ ಮೂಸಿಯೂ ಇರಲಿಲ್ಲ. ಅಚ್ಚು ಅಕ್ಷರ, ನಿನ್ನೆ ಒತ್ತಿದ ಹಾಗೆ. ಬಣ್ಣ 988, ಅಂದರೆ ಬೂದು. ಗೇರು ಆಟೊಮ್ಯಾಟಿಕ್. ದೊಡ್ಡ ಎಂಜಿನ್ನಿನ ಸಾಲೇ ಇಲ್ಲ. ಸೀಟು ಚರ್ಮದ್ದೂ ಅಲ್ಲ. ಎರಡು ಸಲ ಓದಿದೆ.

ಬಯ್ಯಬೇಕು ಅಂತಲೇ ತಿರುಗಿದೆ. ಲೋವೆಲ್ ಕನ್ನಡಕ ಒರೆಸಿಕೊಳ್ಳುತ್ತಾ ನಿಂತಿದ್ದ. “ಏನು, ಸರಿ ಇದೆ ಅಲ್ವಾ?” ಅಂದ. ಕೇಳಿದ್ದು ನನ್ನನ್ನು, ನೋಡುತ್ತಿದ್ದದ್ದು ನನ್ನ ಕಿವಿಯ ಪಕ್ಕ. ಹುಸಿ ನಗು ಇರಲಿಲ್ಲ, ಕಣ್ಣು ತಪ್ಪಿಸುತ್ತಲೂ ಇರಲಿಲ್ಲ. ಪಾಠ ಒಪ್ಪಿಸಿ ಮೇಷ್ಟರ ಮಾತಿಗೆ ಕಾಯುವ ಹುಡುಗನ ಹಾಗೆ ಕಾಯುತ್ತಿದ್ದ. ಅವನಿಗೆ ಆ ಕಾಗದದಲ್ಲಿ ಏನಿದೆ ಅಂತಲೇ ಗೊತ್ತಿರಲಿಲ್ಲ. ಒಂದಕ್ಷರವನ್ನೂ ಓದಿರಲಿಲ್ಲ. ಇಂಥ ಕೆಂಪು ಕಾರಿನಲ್ಲಿ ಏನೇನು ಬರೆದಿರಬೇಕೋ ಅದನ್ನು ನೆನಪಿನಿಂದ ಹೇಳಿದ್ದ. ಅವನಿಗೆ ನನ್ನ ಮುಖವೂ ಕಾಣಿಸುತ್ತಿರಲಿಲ್ಲ, ನೋಟದ ಅಂಚಿನಲ್ಲಾದರೂ ಕಾಣಿಸಲಿ ಅಂತಲೇ ಪಕ್ಕಕ್ಕೆ ನೋಡುತ್ತಿದ್ದ.

ನಾಲಿಗೆ ತುದಿಯಲ್ಲಿ 988 ಇತ್ತು. ಅದನ್ನು ಉಗಿದರೆ ಪ್ರೂಯಿಟ್‌ನ ಬಣ್ಣ ಬಯಲು. ಆದರೆ ಅದೇ ಉಸಿರಿನಲ್ಲಿ ನನ್ನ ಗಂಡನಿಗೆ ಕಣ್ಣಿಲ್ಲ ಅಂತ ಈ ಮೋಸಗಾರನ ಎದುರು ಸಾರಿದ ಹಾಗೂ ಆಗುತ್ತದೆ. ಮೂವತ್ತೆಂಟು ವರ್ಷ ಆ ಸಂಖ್ಯೆಗಳಿಂದಲೇ ಮರ್ಯಾದೆ ಸಂಪಾದಿಸಿದವನು.

“ಚೌಕಟ್ಟಿಗೆ ತುಕ್ಕು ಹಿಡಿದಿದೆ. ನಮಗೆ ಬೇಡ,” ಅಂದೆ.

“ತುಕ್ಕಾ?” ಪ್ರೂಯಿಟ್ ಕೇಳಿದ. “ಈಗ ತಾನೇ ಚೆನ್ನಾಗಿದೆ ಅಂದ್ರಿ.”

“ಈಗ ಚೆನ್ನಾಗಿಲ್ಲ.”

ಅವನು ನನ್ನನ್ನು ನೋಡಿದ, ಆಮೇಲೆ ಲೋವೆಲ್‌ನನ್ನು, ಮತ್ತೆ ನನ್ನನ್ನು. ಅರ್ಥವಾಯಿತು ಅವನಿಗೆ. “ಪರವಾಗಿಲ್ಲ ಬಿಡಿ,” ಅಂದ. “ಕಾಗದ ಸರಿ ಇದೆ ಅಂತ ಕೌಂಟರಿನ ಯಜಮಾನರೇ ಓದಿ ಹೇಳಿದ್ದಾರೆ. ಮುಂದಿನ ಗಿರಾಕಿಗೆ ಅವರ ಹೆಸರೇ ಹೇಳ್ತೀನಿ.” ಪಾನಾ ನನ್ನ ಕೈಯಲ್ಲೇ ಇತ್ತು. ಎಸೆಯದೆ ಟ್ಯಾಂಕು ಮೇಲೇರಿಸಿ, ಪಟ್ಟಿ ಬಿಗಿದು, ಪೈಪು ಜೋಡಿಸಿ, ಕೈ ಒರೆಸಿಕೊಂಡು ಬಂದೆ. ನನ್ನ ಜೀವಮಾನದಲ್ಲಿ ಹಾಗೆ ಬಿಟ್ಟು ಬಂದ ಮೋಸಗಾರ ಅವನೊಬ್ಬನೇ. ಆ ಕಾರು ಆಮೇಲೆ ಯಾವ ಬಡಪಾಯಿಯ ಮನೆ ಸೇರಿತೋ, ಆ ಪಾಪದಲ್ಲಿ ನನಗೂ ಪಾಲಿದೆ.

ಹೊರಗೆ ಬಂದಾಗ ಲೋವೆಲ್ ವಾಡಿಕೆಯಂತೆ ಪಿಕಪ್ಪಿನ ಎಡಬಾಗಿಲಿಗೆ, ಓಡಿಸುವವರ ಕಡೆಗೆ, ಹೋದ.

“ಕೀ ಕೊಡು,” ಅಂದೆ.

“ಬರೋವಾಗ ನನ್ನ ಪಾಳಿ ಅಲ್ವಾ?”

“ಕೀ ಕೊಡು, ಲೋವೆಲ್.”

ಜೇಬಿನಿಂದ ತೆಗೆದು ನನ್ನ ಅಂಗೈಯಲ್ಲಿಟ್ಟು, ಗಾಡಿಯ ಮೂತಿಯ ಮೇಲೆ ಕೈ ಆಡಿಸಿಕೊಂಡು ಆ ಕಡೆಗೆ ಹೋಗಿ ಕೂತ.

ನಾಲ್ಕು ಮೈಲಿ ಓಡಿಸಿದೆ. ಆಮೇಲೆ ಅವನೇ ಕೇಳಿದ. “ಏನಿತ್ತು ಅದರಲ್ಲಿ?”

“ಒಂಬೈನೂರ ಎಂಬತ್ತೆಂಟು.”

“ಬೂದು,” ಅಂದ. “ಗೇರು?”

“ಆಟೊಮ್ಯಾಟಿಕ್.”

“ಥೂ ಅವನ. ಕ್ಲಚ್ ಒತ್ತಿದಾಗ್ಲೇ ಅನ್ನಿಸಿತ್ತು, ಆಮೇಲೆ ಜೋಡಿಸಿದ್ದು ಅಂತ. ಮತ್ತೆ ನೀನು ಯಾಕೆ ಅವನ ಚಳಿ ಬಿಡಿಸ್ಲಿಲ್ಲ?” ಕೇಳಿದ ಮೇಲೆ ಉತ್ತರ ಅವನಿಗೇ ಹೊಳೆಯಿತು. ಕಿಟಕಿ ಕಡೆ ತಿರುಗಿಕೊಂಡ.

“ಯಾವತ್ತಿನಿಂದ ಕಾಣ್ತಿಲ್ಲ?” ಅಂದೆ.

“ಮಾರ್ಚ್.”

ಗಾಡಿಯನ್ನು ರಸ್ತೆ ಪಕ್ಕಕ್ಕೆ ಎಳೆದು ನಿಲ್ಲಿಸಿದೆ. “ಮಾರ್ಚ್‌ನಿಂದ ಜೂನ್‌ವರೆಗೆ ಪ್ರತಿ ಬುಧವಾರ ಟೆಸ್ಸಾನ ಸ್ಕೂಲಿಂದ ನೀನೇ ಕರ್ಕೊಂಡು ಬಂದಿದ್ದೀಯ. ಏಳು ವರ್ಷದ ಮಗು. ಮಗಳು ನಿನ್ನ ನಂಬಿ ಮೊಮ್ಮಗಳನ್ನ ಕಳಿಸಿದ್ದು.”

“ಆ ದಾರಿ ಕಣ್ಣು ಮುಚ್ಚಿದ್ರೂ ಗೊತ್ತು ನನಗೆ.”

“ಕಣ್ಣು ಮುಚ್ಕೊಂಡೇ ಬಂದಿದ್ದೀಯ.” ಸ್ಟೇರಿಂಗ್ ಮೇಲೆ ಗುದ್ದಿದೆ. ಅಳು ಬಂತು, ಅಳುತ್ತಲೇ ಬೈದೆ. ನೀಚ ಅಂದೆ, ಸುಳ್ಳ ಅಂದೆ, ಆ ಪ್ರೂಯಿಟ್ ನಿನಗಿಂತ ವಾಸಿ, ಅವನು ಬರೀ ಕಾರಿನ ಬಣ್ಣ ಬದಲಾಯಿಸಿದ ಅಂದೆ.

“ಅವತ್ತೇ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೆ ನೀನು,” ಅಂದೆ.

“ಕೊಟ್ಟಿದ್ದೆ. ಹೇಳಿದ್ರೆ ಅವತ್ತೇ ಮುಗೀತಿತ್ತು ಅರ್ಲೀನ್.”

ಒಂದು ಜೋಳದ ಲಾರಿ ನಮ್ಮನ್ನು ದಾಟಿ ಹೋಯಿತು. ನಾನು ಮೂಗು ಒರೆಸಿಕೊಂಡೆ. ಆಗ ತಲೆಗೆ ಬಂತು. ಮಾರ್ಚ್‌ನಲ್ಲಿ ಕಣ್ಣು ಹೋದವನು ಏಪ್ರಿಲ್‌ನಲ್ಲಿ ಕಾರು ಹುಡುಕಲು ಹೊರಟಿದ್ದ.

“ಅಲ್ಲ, ಒಂದು ವೇಳೆ ನಾನು ಹೂಂ ಅಂದುಬಿಟ್ಟಿದ್ರೆ? ಕೊಂಡುಕೊಂಡು ಏನು ಮಾಡ್ತಿದ್ದೆ ನೀನು?”

“ನೀನು ಹೂಂ ಅನ್ನೋಳಲ್ಲ,” ಅಂದ. “ಎಲ್ಲಾದ್ರೂ ಒಂದು ಹುಳುಕು ಹಿಡೀತೀಯ ಅಂತ ಗೊತ್ತಿತ್ತು. ಅದೇ ಧೈರ್ಯದ ಮೇಲೆ ಹೋಗ್ತಿದ್ದೆ. ಆರನೇದು ಹತ್ತು ನಿಮಿಷ, ಐದನೇದು ಹನ್ನೆರಡು, ನಾಲ್ಕನೇದು ಹತ್ತು, ಇವತ್ತಿಂದು ಕಾಲು ಗಂಟೆ. ಕೊಂಡಿದ್ರೆ ಒಂದೇ ಕಾರು, ಅದೂ ನನ್ನ ಕೈಲಿ ಆಗ್ತಿರ್ಲಿಲ್ಲ. ಇವತ್ತು ನೀನು ಚೌಕಟ್ಟು ಚೆನ್ನಾಗಿದೆ ಅಂದಾಗ ಎದೆ ಹೊಡ್ಕೊಂಡಿತು ನೋಡು.”

ನಲವತ್ತೇಳು ನಿಮಿಷ. ಊರೆಲ್ಲ ನನ್ನ ಸಂಶಯಕ್ಕೆ ಹೆದರಿ ಬಾಗಿಲು ಹಾಕಿಕೊಂಡರೆ, ಇವನೊಬ್ಬ ಅದನ್ನೇ ನಂಬಿಕೊಂಡು ನಾಲ್ಕು ಸಲ ಬಾಗಿಲು ತೆಗೆಸಿದ್ದ. ನಾನು ಮೋಸಗಾರರನ್ನು ಹಿಡಿಯುತ್ತಿದ್ದೇನೆ ಅಂದುಕೊಂಡು ಓಹಿಯೋ ಎಲ್ಲಾ ಸುತ್ತಿದ್ದೆ. ಚಳಿಗಾಲದಲ್ಲಿ ಆತುರ ಬೇಡ ಅಂದವಳೂ ನಾನೇ. ಆಗ ಅವನಿಗೆ ಇನ್ನೂ ಕಣ್ಣಿತ್ತು. ಅದನ್ನು ಅವನು ಒಂದು ಸಲವೂ ಎತ್ತಿ ಆಡಲಿಲ್ಲ, ಅವತ್ತೂ ಆಡಲಿಲ್ಲ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ, ಮಂಡಿ ನೋಯುತ್ತಿತ್ತು.

“ಟೆಸ್ಸಾ ವಿಷಯ ಮಗಳಿಗೆ ನೀನೇ ಹೇಳ್ಬೇಕು,” ಅಂದೆ. “ಇವತ್ತೇ.”

“ಇವತ್ತೇ ಹೇಳ್ತೀನಿ.”

“ನಿನ್ನ ‘ಇವತ್ತೇ’ ನನಗೆ ಗೊತ್ತು. ನಾನು ಪಕ್ಕದಲ್ಲೇ ನಿಂತಿರ್ತೀನಿ.”

ಅವನು ಹೂಂ ಅಂದು ಬೆಲ್ಟು ಹುಡುಕಿ ಹಾಕಿಕೊಂಡ. ನಾನು ಗಾಡಿ ಸ್ಟಾರ್ಟ್ ಮಾಡಿ ರಸ್ತೆಗೆ ತಂದೆ. ನಮ್ಮದು ಹಳೇ ಪಿಕಪ್ಪು, ಎಡಗಾಲಲ್ಲಿ ಕ್ಲಚ್ ಒತ್ತಿ ಗೇರು ಕೈಯಿಂದಲೇ ಹಾಕಬೇಕು. ಮನೆ ಮುಟ್ಟಲು ಇನ್ನೂ ಎಂಬತ್ತು ಮೈಲಿ ಇತ್ತು. ಒಂದನೇ ಗೇರಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ನಾನು ಗೇರು ಬದಲಿಸಿದಾಗಲೆಲ್ಲ ಪಕ್ಕದಲ್ಲಿ ಅವನ ಎಡಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು.